ಟ್ವಿಸ್ಟ್‌ಲಾಕ್ ರಿಡಿಮಿಗೆ ಐದನೆಯ ದನಿ

ಸಿಂಗಪುರದಲ್ಲಿ ಇವತ್ತಿಗೂ ಕೂಲಿಯಾಳುಗಳನ್ನು ಲಾರಿಯ ಹಿಂಭಾಗದಲ್ಲಿ ಕೂರಿಸಿ ಸಾಗಿಸುತ್ತಾರೆ. ಗೊತ್ತಿಲ್ಲ ಅನ್ನಬೇಡಿ. ನೀವು ಕೂತ ಬಸ್ಸು ಎಷ್ಟೋ ಬೆಳಿಗ್ಗೆ ಅಂಥದೊಂದು ಲಾರಿಯ ಪಕ್ಕದಲ್ಲೇ ಸಿಗ್ನಲ್ಲಿಗೆ ನಿಂತಿದೆ. ಅವರು ನಿಮ್ಮನ್ನು ನೋಡಿದ್ದಾರೆ. ನೀವು ಫೋನು ನೋಡಿದ್ದೀರಿ.

ಹೋದ ನವೆಂಬರಿನಲ್ಲಿ, ಇಲ್ಲಿನ ನಮ್ಮ ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ನಮ್ಮವರದೇ ಹನ್ನೆರಡು ಮಕ್ಕಳು ವೇದಿಕೆಯ ಮೇಲೆ ಸಾಲಾಗಿ ನಿಂತರು. ಹಳದಿ ಕೆಂಪು ಶಲ್ಯ, ಕಾಲಿಗೆ ಸ್ನೀಕರ್ಸು. ಎರಡು ಬೆರಳಲ್ಲಿ ಮೂಗು ಹಿಡಿದು, ಓಡುವ ಲಾರಿಯಲ್ಲಿ ಕೂತವರ ಹಾಗೆ ಅತ್ತಿತ್ತ ವಾಲಾಡುತ್ತ ಕುಣಿದರು. ಹಾಡು ಇಂಗ್ಲಿಷಿನದು. ಕನ್ನಡದಲ್ಲಿ ಹೇಳಿದರೆ ಅರ್ಥ ಇಷ್ಟೇ: ಲಾರಿ ಬಂತು, ಮೂಗು ಮುಚ್ಚು, ಸರಕು ಬೆವರುತ್ತೆ, ದೂರ ನಿಲ್ಲು. ಸರಕು ಅಂದರೆ ಲಾರಿಯ ಹಿಂದೆ ಕೂತ ಮನುಷ್ಯರು. ಸಭೆಯಲ್ಲಿದ್ದವರು ಶಿಳ್ಳೆ ಹೊಡೆದರು, ಎದ್ದು ನಿಂತು ವಿಡಿಯೊ ಮಾಡಿಕೊಂಡರು. ಕುಣಿತ ಕಲಿಸಿದ ಟೀಚರಮ್ಮನನ್ನು ಆಮೇಲೆ ಯಾರೋ ಕೇಳಿದ್ದಕ್ಕೆ, “ವರ್ಡ್ಸ್ ಯಾರ್ರೀ ಕೇಳ್ತಾರೆ, ಬೀಟ್ ಚೆನ್ನಾಗಿತ್ತು” ಅಂದರಂತೆ.

ಬೀಟ್ ಚೆನ್ನಾಗಿಯೇ ಇತ್ತು. ಅದನ್ನು ಕಟ್ಟಿದವನು ಹನ್ನೊಂದನೆಯ ಸಾಲಿನಲ್ಲಿ, ಹೆಂಡತಿ ಮತ್ತು ಮಗಳ ನಡುವೆ ಕೂತಿದ್ದ. ಹೆಸರು ಸಂಪತ್, ವಯಸ್ಸು ನಲವತ್ತೆರಡು. ಪಾಸಿರ್ ಪಂಜಾಂಗ್‌ನ ಕಂಟೇನರ್ ಬಂದರಿನಲ್ಲಿ ಯಾರ್ಡ್ ಪ್ಲ್ಯಾನರ್. ಯಾವ ಕಂಟೇನರ್ ಯಾವುದರ ಮೇಲೆ ಕೂರಬೇಕು ಎಂದು ತೀರ್ಮಾನಿಸುವುದು ಅವನ ಕೆಲಸ. ತಾನು ಕಟ್ಟಿದ ಬೀಟಿನ ಮೇಲೆ ಯಾರು ಬಂದು ಕೂರಬೇಕು ಎಂಬುದು ಮಾತ್ರ ಅವನ ಕೈಯಲ್ಲಿರಲಿಲ್ಲ.

ಹಾಡು ಶುರುವಾಗುವ ಮೊದಲು ಸ್ಪೀಕರಿನಿಂದ ಒಂದು ಮಗುವಿನ ದನಿ ಬಂದಿತ್ತು: “ಅಪ್ಪಾ, ಇನ್ನೊಂದ್ಸಲ ಲಾ!”

ಪ್ರತಿಸಲ ‘ಮೂಗು ಮುಚ್ಚು’ ಎಂದಾದ ಮೇಲೂ ಅದೇ ದನಿ. ಮನುಷ್ಯರನ್ನು ನೋಡಿ ಮೂಗು ಮುಚ್ಚುವ ಆಟ ಮಗುವಿಗೆ ಇಷ್ಟವಾಗಿ, ಇನ್ನೊಮ್ಮೆ ಆಡಿಸು ಎಂದು ಅಪ್ಪನನ್ನು ಪೀಡಿಸುತ್ತಿದೆಯೇನೋ ಅನ್ನುವ ಹಾಗೆ. ಸಭೆಗೆ ಸಭೆಯೇ ಆ ದನಿಗೆ ನಕ್ಕಿತು. ಎಷ್ಟು ಮುದ್ದಾಗಿದೆ!

ಸಂಪತ್ ಪಕ್ಕಕ್ಕೆ ತಿರುಗಿ ನೋಡುವ ಹೊತ್ತಿಗೆ ಮಗಳ ಕುರ್ಚಿ ಖಾಲಿ. ಆ ದನಿ ಅವಳದು. ಸಿಂಗಪುರದವರ ಹಾಗೆ ಮಾತಿನ ಕೊನೆಗೆ ‘ಲಾ’ ಅಂಟಿಸುತ್ತಿದ್ದ ಆರು ವರ್ಷದವಳಿದ್ದಾಗಿನದು. ಈಗ ಸಿಂಚನಾಗೆ ಹದಿಮೂರು.

ಹೊರಗೆ, ಚಪ್ಪಲಿ ಬಿಡುವ ಜಾಗದಲ್ಲಿ ಅವಳು ಷೂ ಲೇಸು ಕಟ್ಟುತ್ತಿದ್ದಳು. ಕಟ್ಟಿ, ಬಿಚ್ಚಿ, ಮತ್ತೆ ಕಟ್ಟುತ್ತಿದ್ದಳು.

“ಮನೆಗೆ ಹೋಗೋಣ,” ಅಂದಳು. ಅಷ್ಟೇ. ಸಂಪತ್ ಅವಳ ಬ್ಯಾಗಿಗೆ ಕೈ ಚಾಚಿದ. ಕೊಡಲಿಲ್ಲ.

ರಿಡಿಮ್ ಎಂದರೇನು ಎಂದು ಇಲ್ಲಿ ಹೇಳಿಬಿಡಬೇಕು, ಇಲ್ಲದಿದ್ದರೆ ಸಂಪತ್‌ನ ತಪ್ಪು ಏನೆಂದು ಯಾರಿಗೂ ತಿಳಿಯುವುದಿಲ್ಲ. ಜಮೈಕಾದ ಡ್ಯಾನ್ಸ್‌ಹಾಲ್ ಸಂಗೀತದಲ್ಲಿ ಒಬ್ಬ ತಾಳವನ್ನೂ ಕೆಳದನಿಯ ಬೇಸನ್ನೂ ಸೇರಿಸಿ ಒಂದು ಓಟ ಕಟ್ಟುತ್ತಾನೆ; ಅದಕ್ಕೊಂದು ಹೆಸರಿಟ್ಟು ಲೋಕಕ್ಕೆ ಬಿಡುತ್ತಾನೆ. ಅದೇ ರಿಡಿಮ್. ಅದರ ಮೇಲೆ ಹತ್ತು ಜನ ಹಾಡುಗಾರರು ಹತ್ತು ಬೇರೆ ಬೇರೆ ಹಾಡು ಕೂರಿಸುತ್ತಾರೆ. ಒಬ್ಬ ಪ್ರೀತಿಯದನ್ನು, ಇನ್ನೊಬ್ಬಳು ಜಗಳದ್ದನ್ನು, ಮತ್ತೊಬ್ಬ ದೇವರದ್ದನ್ನು. ನನ್ನ ರಿಡಿಮ್ ಮುಟ್ಟಬೇಡ ಅನ್ನುವುದು ಅಲ್ಲಿ ಮರ್ಯಾದೆಯಲ್ಲ.

ಇದನ್ನು ಸಂಪತ್‌ಗೆ ಕಲಿಸಿದವನು ಹೈಕಲ್. ಅದೇ ಬಂದರಿನ ಕ್ರೇನ್ ಆಪರೇಟರ್, ಮಲಯ್ ಹುಡುಗ ಅಂತ ಎಲ್ಲರೂ ಕರೆದರೂ ವಯಸ್ಸು ನಲವತ್ತೈದು. ಶಿಫ್ಟ್ ಬಸ್ಸಿನಲ್ಲಿ ಹೈಕಲ್ ತನ್ನ ಇಯರ್‌ಫೋನಿನ ಒಂದು ತುದಿ ಕೊಟ್ಟ ದಿನ, ಸಂಪತ್‌ನ ಬೆರಳುಗಳು ತಮ್ಮಷ್ಟಕ್ಕೆ ಮುಂದಿನ ಸೀಟಿನ ಮೇಲೆ ಹೊಡೆಯತೊಡಗಿದವು: ತಕಿಟ ತಕಿಟ ತಕ. ಮೂರು, ಮೂರು, ಎರಡು. ಮೈಸೂರಿನಲ್ಲಿ ನಾಲ್ಕು ವರ್ಷ ಮೃದಂಗಕ್ಕೆ ಹೋಗಿ, ಎಸ್ಸೆಸ್ಸೆಲ್ಸಿ ಬಂದಾಗ ಬಿಟ್ಟವನು ಅವನು. ಬಿಟ್ಟದ್ದು ಸಮುದ್ರದಾಚೆ ಬೇರೆ ಬಟ್ಟೆ ಹಾಕಿಕೊಂಡು ಸಿಕ್ಕಿತ್ತು.

ಆರು ವರ್ಷ ಅವನು ಯಿಶುನ್‌ನ ಫ್ಲ್ಯಾಟಿನ ಮಲಗುವ ಕೋಣೆಯಲ್ಲಿ, ಇಸ್ತ್ರಿ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಒಂದೇ ಒಂದು ರಿಡಿಮ್ ಕಟ್ಟಿದ. ಹೊಡೆತದ ಸದ್ದಿಗೆ ಡ್ರಮ್ಮು ಒಪ್ಪಲಿಲ್ಲ. ಬಂದರಿನಲ್ಲಿ ಒಂದು ಕಂಟೇನರನ್ನು ಇನ್ನೊಂದಕ್ಕೆ ಕಚ್ಚಿಸಿ ಹಿಡಿಯುವ ಟ್ವಿಸ್ಟ್‌ಲಾಕ್ ಎಂಬ ಕಬ್ಬಿಣದ ಬೀಗವಿದೆ. ಹಡಗು ಬಂದಾಗಲೆಲ್ಲ ಅವನ್ನು ಕೈಯಲ್ಲೇ ತಿರುವಿ ಬಿಚ್ಚಬೇಕು, ಕೈಯಲ್ಲೇ ಹಾಕಬೇಕು. ಬಿಚ್ಚುವಾಗ ‘ಟಕ್’ ಎಂದು ಒಂದು ಒಣ ಸದ್ದು. ಆ ಕೆಲಸದ ಸೆಲ್ವಂ, ಗುಜರಿ ಡಬ್ಬಕ್ಕೆ ಬಿದ್ದಿದ್ದ ಹಳೇ ಲಾಕೊಂದನ್ನು ಎತ್ತಿಕೊಂಡು ಬಂದು, ಸಂಪತ್‌ನ ಫೋನಿನ ಮುಂದೆ ಹದಿನೆಂಟು ಸಲ ತಿರುವಿದ್ದ. “ಸಾರ್, ಇದು ಸಿನಿಮಾಕ್ಕಾ?” ಎಂದು ಕೇಳಿದ್ದ. ಸೆಲ್ವಂ ಪುದುಕ್ಕೋಟೈ ಕಡೆಯವನು. ಹೊಸೂರಿನಲ್ಲಿ ಎಂಟು ವರ್ಷ ದುಡಿದದ್ದರಿಂದ ಕನ್ನಡ ಬರುತ್ತಿತ್ತು. ಡಾರ್ಮಿಟರಿಯಿಂದ ಬಂದರಿಗೆ ಅವನು ಬರುವುದು ಗುತ್ತಿಗೆದಾರನ ಲಾರಿಯ ಹಿಂದೆ.

ಹಾಗಾಗಿ ಅದಕ್ಕೆ ಟ್ವಿಸ್ಟ್‌ಲಾಕ್ ರಿಡಿಮ್ ಎಂದೇ ಹೆಸರು.

ಇನ್ನು ತಪ್ಪು. ಕದ್ದವನು ತನ್ನದೆನ್ನದಿರಲಿ ಎಂದು ಬೀಟ್ ಕಟ್ಟುವವರು ಶುರುವಿನಲ್ಲಿ ಒಂದು ಕೂಗು ಸೇರಿಸುತ್ತಾರೆ. ಅದು ಅವರ ಮುದ್ರೆ. ತಿಳಿದವರು ಅದನ್ನು ಬೇರೆ ಪದರವಾಗಿ ಇಡುತ್ತಾರೆ, ಬೇಡವೆಂದರೆ ತೆಗೆಯಬಹುದು. ಸಂಪತ್ ಕಂಟೇನರ್ ಜೋಡಿಸುವವನು, ಅಲುಗಾಡುವುದೆಂದರೆ ಅವನಿಗೆ ಆಗದು. ತೊಡೆಯ ಮೇಲೆ ಕೂತು ಬೀಟ್ ಕೇಳಿ “ಅಪ್ಪಾ, ಇನ್ನೊಂದ್ಸಲ ಲಾ!” ಎಂದು ಕುಪ್ಪಳಿಸಿದ್ದ ಮಗಳ ದನಿಯನ್ನು ತಾಳದೊಳಗೆ, ಬೇಸಿನೊಳಗೆ, ಮೂರು ಜಾಗದಲ್ಲಿ ಹೊಲಿದುಬಿಟ್ಟ. ಎಲ್ಲವನ್ನೂ ಒಂದೇ ಫೈಲು ಮಾಡಿ, ಬೇ ಸೆವೆನ್ ಎಂಬ ಗುಪ್ತನಾಮದಲ್ಲಿ ಜಾಲತಾಣವೊಂದಕ್ಕೆ ಬಿಟ್ಟ. ತಿಂಗಳೊಪ್ಪತ್ತಿನಲ್ಲಿ ಹಳೇ ಲ್ಯಾಪ್‌ಟಾಪ್ ಸತ್ತಿತು, ಬಿಡಿ ಪದರಗಳೂ ಅದರ ಜೊತೆಗೆ ಹೋದವು. ಈಗ ಆ ದನಿಯನ್ನು ಬೇರ್ಪಡಿಸಲು ಅವನಿಂದಲೇ ಸಾಧ್ಯವಿಲ್ಲ. ಕಳ್ಳನಿಗೆಂದು ಹಾಕಿದ ಬೀಗದಲ್ಲಿ ಮನೆಯ ಕೂಸೇ ಒಳಗೆ ಸಿಕ್ಕಿಕೊಂಡಿತು.

ಮೊದಮೊದಲು ಎಲ್ಲ ಚೆನ್ನಾಗಿತ್ತು. ಜಮೈಕಾದ ಸ್ಪ್ಯಾನಿಷ್ ಟೌನ್ ಎಂಬಲ್ಲಿ ಶಾಲಾ ಸಮವಸ್ತ್ರ ಹೊಲಿಯುವ ಪರ್ಲೀನ್ ಎಂಬಾಕೆ ಮೊದಲ ಹಾಡು ಕೂರಿಸಿದಳು. ತೀರಿಕೊಂಡ ತಂದೆ ಬಸ್‌ಸ್ಟಾಪಿನಲ್ಲಿ ಕಾಯುತ್ತಿದ್ದ ಕತೆ. ಅವಳಿಗೆ ಕನ್ನಡ ಬಾರದು, ಆದರೆ ಮಗುವಿನ ಬಾಯಿಂದ ‘ಅಪ್ಪಾ’ ಬಂದ ಜಾಗದಲ್ಲಿ ಅವಳು ಹಾಡು ನಿಲ್ಲಿಸಿ ದಾರಿ ಬಿಟ್ಟಿದ್ದಾಳೆ. ಸಂಪತ್ ಅದನ್ನು ಬಸ್ಸಿನಲ್ಲಿ ಕೇಳಿ, ಇಳಿಯುವ ಸ್ಟಾಪು ದಾಟಿಹೋಗಿದ್ದ. ಎರಡನೆಯದು ಹೈಕಲ್‌ನದು, ಕ್ರೇನಿನ ಹಾಡು. ಮೂರನೆಯದು ಮಾಂಟೆಗೋ ಬೇ ಊರಿನ ಟ್ಯಾಕ್ಸಿಯವನೊಬ್ಬನ ಪ್ರೇಮಗೀತೆ, ಹೇಳಿಕೊಳ್ಳುವಂಥದಲ್ಲ.

ನಾಲ್ಕನೆಯದೇ ಆ ಮೂಗು ಮುಚ್ಚುವ ಹಾಡು, ಅಮನ್‌ನದು. ಇಪ್ಪತ್ಮೂರು ವರ್ಷ, ಪುಂಗೋಲ್‌ನ ದುಬಾರಿ ಕಾಂಡೊ ಫ್ಲ್ಯಾಟು, ಅಪ್ಪ ಬ್ಯಾಂಕಿನಲ್ಲಿ ದೊಡ್ಡ ಹುದ್ದೆ. ನಮ್ಮ ಹೆಮ್ಮೆಯ ಕನ್ನಡಿಗ ಎಂದು ನಾವೇ ಮೈಕಿನಲ್ಲಿ ಕೂಗಿದ ಹುಡುಗ. ನಾಲ್ಕು ಲಕ್ಷ ಜನ ನೋಡಿದ್ದಾರೆ.

ರಾಜ್ಯೋತ್ಸವ ಮುಗಿದ ಸೋಮವಾರವೇ ಸಂಪತ್ ಅಮನ್‌ನನ್ನು ಪುಂಗೋಲ್‌ನ ನೀರಿನ ಕಾಲುವೆ ಬಳಿಯ ಕಾಫಿ ಅಂಗಡಿಯಲ್ಲಿ ಕಂಡ. ಹುಡುಗ ಒಳ್ಳೆಯವನಂತೆಯೇ ಇದ್ದ. ಎದ್ದು ನಿಂತು ಕುರ್ಚಿ ಎಳೆದುಕೊಟ್ಟ. ಕೇಡು ಯಾವಾಗಲೂ ಹಲ್ಲು ಕಡಿಯುತ್ತಲೇ ಬರುತ್ತದೆ ಎಂದು ನಮಗೆ ಯಾರು ಹೇಳಿಕೊಟ್ಟರೋ.

“ಅಂಕಲ್, ಆ ರಿಡಿಮ್ ನಿಮ್ದಾ! ಸೀರಿಯಸ್ಲಿ? ವಾವ್. ಪ್ರೊಫೈಲಲ್ಲಿ ಬರೀ ಬೇ ಸೆವೆನ್ ಅಂತ ಇತ್ತು, ಯಾರೋ ಜಮೈಕನ್ ಅಂದ್ಕೊಂಡಿದ್ದೆ.”

“ಅದ್ರಲ್ಲಿ ಬರೋ ದನಿ ನನ್ನ ಮಗಳದು, ಅಮನ್.”

“ಅಯ್ಯೋ, ಸೋ ಕ್ಯೂಟ್ ಅಂಕಲ್! ಅದೇ ಕ್ಲಿಕ್ ಆಗಿದ್ದು.”

“ಆ ಹಾಡು ತೆಗೀಬೇಕಲ್ಲಪ್ಪ.”

ಅಮನ್ ಸ್ಟ್ರಾ ತಿರುವಿದ. “ಅದು ಜೋಕ್ ಅಂಕಲ್. ಯಾರಿಗೂ ಹರ್ಟ್ ಮಾಡೋಕಲ್ಲ. ಆ ಲಾರಿ ವರ್ಕರ್ಸ್ ಇದೆಲ್ಲ ಕೇಳ್ತಾರಾ? ಮತ್ತೆ ನೀವೇ ಓಪನ್ ರಿಡಿಮ್ ಅಂತ ಬಿಟ್ಟಿದ್ದೀರ. ಎನಿಬಡಿ ಕ್ಯಾನ್ ವಾಯ್ಸ್. ಅದೇ ಕಲ್ಚರ್ ಅಲ್ವಾ?”

ಅದೇ ಪದ್ಧತಿ.

“ಇನ್ನೊಂದು ಅಂಕಲ್,” ಹುಡುಗ ದನಿ ತಗ್ಗಿಸಿದ, ಬೆದರಿಕೆಯಂತಲ್ಲ, ಕಾಳಜಿಯಂತೆ. “ಯಾರೋ ಕಮೆಂಟಲ್ಲಿ ಪೊಲೀಸ್ ರಿಪೋರ್ಟ್ ಮಾಡ್ತೀನಿ ಅಂತ ಬರ್ದಿದ್ದಾರೆ. ನಾನು ಸಿಟಿಜನ್, ಏನೋ ವಾರ್ನಿಂಗ್ ಕೊಡ್ಬಹುದು. ನೀವು ವರ್ಕ್ ಪಾಸಲ್ಲಿ ಇದ್ದೀರಲ್ವಾ? ಬೇ ಸೆವೆನ್ ಯಾರು ಅಂತ ಯಾರಿಗೂ ಗೊತ್ತಾಗೋದು ಬೇಡ. ನಾನಂತೂ ಹೇಳಲ್ಲ.”

ಕಾಫಿಗೆ ತಾನೇ ಕಾರ್ಡ್ ತೋರಿಸಿ ಹುಡುಗ ಎದ್ದುಹೋದ. ಬೀಳ್ಕೊಳ್ಳುವಾಗ ಕೈಮುಗಿದ.

ಮನೆಯಲ್ಲಿ ಹೆಂಡತಿ ಶೋಭಾ ಊಟದ ಮೇಜಿನ ಮೇಲೆ, ಇಲ್ಲಿ ದುಡಿಯಲು ಸರ್ಕಾರ ಕೊಡುವ ವರ್ಕ್ ಪಾಸಿನ ನವೀಕರಣದ ಕಾಗದಗಳನ್ನು ಹರಡಿಕೊಂಡಿದ್ದಳು. ಜನವರಿಯಲ್ಲಿ ಮುಗಿಯುತ್ತದೆ. ಪಾಸು ಹೋದರೆ ಮೂವತ್ತು ದಿನದಲ್ಲಿ ಮನೆ ಖಾಲಿ, ಮಗಳ ಶಾಲೆ ಖಾಲಿ. ಅವಳು ಅಳಲಿಲ್ಲ, ಕೂಗಲಿಲ್ಲ. ಪ್ರತಿ ಕಾಗದದ ಮೂಲೆ ಸರಿಮಾಡಿ ಜೋಡಿಸುತ್ತಿದ್ದಳು.

“ಸುಮ್ನಿದ್ಬಿಡೋಣ ರೀ. ಎರಡು ತಿಂಗಳು. ಇಂಥವು ಬರ್ತಾವೆ, ಹೋಗ್ತಾವೆ.”

“ಸಿಂಚು?”

“ಅವಳ ಹೆಸ್ರು ಎಲ್ಲೂ ಇಲ್ವಲ್ಲ.”

ಹೆಸರು ಬೇಕಿರಲಿಲ್ಲ. ಸಭೆಯಲ್ಲಿದ್ದ ಯಾವುದೋ ಮಗು ಶಾಲೆಯಲ್ಲಿ ಹೇಳಿಯಾಗಿತ್ತು. ಸಿಂಚನಾ ತರಗತಿಯಲ್ಲಿ ಕೈಯೆತ್ತಿದರೆ ಸಾಕು, ಹಿಂದಿನ ಬೆಂಚಿನಿಂದ ಅರ್ಥ ಗೊತ್ತಿಲ್ಲದ ಚೀನೀ ಮಲಯ್ ಹುಡುಗರು “ಇನ್ನೊಂದ್ಸಲ ಲಾ!” ಎಂದು ರಾಗ ಎಳೆಯುತ್ತಿದ್ದರು, ಎಲ್ಲರೂ ಮೂಗು ಹಿಡಿಯುತ್ತಿದ್ದರು. ಅವಳು ಕೈಯೆತ್ತುವುದನ್ನು ಬಿಟ್ಟಳು. ಎಂಆರ್‌ಟಿ ರೈಲಿನಲ್ಲಿ ಕನ್ನಡ ಮಾತಾಡುವುದನ್ನು ಬಿಟ್ಟಳು. ಸಂಪತ್ ಇನ್ನೊಂದನ್ನೂ ಗಮನಿಸಿದ, ಗಮನಿಸಿದ್ದನ್ನು ಯಾರಿಗೂ ಹೇಳಲಿಲ್ಲ. ರಾಜ್ಯೋತ್ಸವದ ದಿನದಿಂದ ಅವಳು ‘ಅಪ್ಪಾ’ ಎಂದು ಕರೆದಿರಲಿಲ್ಲ. “ಹೇ” ಅನ್ನುತ್ತಿದ್ದಳು. “ಊಟಕ್ಕೆ ಕರೀತಿದ್ದಾರೆ” ಅನ್ನುತ್ತಿದ್ದಳು. ಬೆಳಿಗ್ಗೆ ಬಾಗಿಲು ಎಳೆದುಕೊಳ್ಳುವಾಗ ಅವನು ಹೊಸ್ತಿಲಲ್ಲಿ ಅರೆಕ್ಷಣ ಕಾಯುತ್ತಿದ್ದ. ಬರುತ್ತಿರಲಿಲ್ಲ.

ಒಂದು ಗುಂಡಿ ಇತ್ತು. ರಿಡಿಮ್ ಇಟ್ಟ ಜಾಲತಾಣದಲ್ಲಿ ‘ಎಲ್ಲವನ್ನೂ ತೆಗೆದುಹಾಕು’ ಎಂಬ ಗುಂಡಿ. ಅದನ್ನೊತ್ತಿದರೆ ಅಮನ್‌ನ ಹಾಡು ಸಾಯುತ್ತದೆ. ಅದರೊಂದಿಗೆ ಉಳಿದ ಮೂರೂ. ಗುರುವಾರದ ಶಿಫ್ಟ್ ಬಸ್ಸಿನಲ್ಲಿ ಸಂಪತ್ ಇದನ್ನು ಹೈಕಲ್‌ಗೆ ಹೇಳಿದ.

ಹೈಕಲ್ ಕಿಟಕಿಯಾಚೆ ನೋಡುತ್ತಲೇ ಕೇಳಿಸಿಕೊಂಡ. “ಬ್ರೋ, ಯು ಟೇಕ್ ಡೌನ್, ಮೈ ಸಾಂಗ್ ಆಲ್ಸೋ ಡೈ. ನೆವರ್ ಮೈಂಡ್, ಮೈನ್ ರಬಿಶ್ ಎನಿವೇ.” ಆಮೇಲೆ ಈಚೆ ತಿರುಗಿ ಅಂದ, “ಬಟ್ ದಟ್ ಜಮೈಕಾ ಆಂಟಿ, ಹರ್ ಫಾದರ್ ಸಾಂಗ್. ಯು ವಾಂಟ್ ಟು ಕಿಲ್ ಹರ್ ಫಾದರ್ ಟ್ವೈಸ್, ಆ?”

ಸಂಪತ್ ಫೋನನ್ನು ಜೇಬಿಗಿಟ್ಟ. ಜೇಬಿನಲ್ಲಿಯೂ ಅದು ಭಾರವಾಗಿತ್ತು.

ಆ ಮಧ್ಯಾಹ್ನ ಕ್ಯಾಂಟೀನಿನಲ್ಲಿ, ಅವನು ಅಂಜಿದ್ದೇ ಎದುರು ಬಂತು. ಗೋಡೆಯ ಬಳಿಯ ಮೇಜಿನಿಂದ ಅದೇ ‘ಟಕ್, ಟಕ್’. ಸೆಲ್ವಂ ಫೋನನ್ನು ನೀರಿನ ಬಾಟಲಿಗೆ ಒರಗಿಸಿ ಅಮನ್‌ನ ವಿಡಿಯೊ ನೋಡುತ್ತಿದ್ದ. ಪಕ್ಕದಲ್ಲಿ ಅವನ ನಾಲ್ವರು ಜೊತೆಗಾರರು. ಸಂಪತ್‌ನನ್ನು ಕಂಡೊಡನೆ ಸೆಲ್ವಂ ಮುಖ ಅರಳಿತು.

“ಸಾರ್! ನಮ್ಮ ಲಾಕು! ಕೇಳಿ, ಕೇಳಿ, ಇದೇ ನಾನು ತಿರುಗ್ಸಿದ್ದು!” ಜೊತೆಗಾರರ ಕಡೆಗೆ ತಿರುಗಿ ತಮಿಳಿನಲ್ಲಿ ಅದನ್ನೇ ಹೇಳಿದ. ಮೇಜಿನ ಮೇಲೆ ಬೆರಳಲ್ಲಿ ಹೊಡೆದು ತೋರಿಸಿದ. “ನಾಲ್ಕು ಲಕ್ಷ ಜನ ನೋಡವ್ರೆ ಸಾರ್.”

“ಹೂಂ ಸೆಲ್ವಂ,” ಎಂದ ಸಂಪತ್. ತಟ್ಟೆಯಲ್ಲಿದ್ದ ಅನ್ನ ಹಾಗೇ ಉಳಿಯಿತು. ಪಾಪ, ಇವನಿಗೆ ಇಂಗ್ಲಿಷ್ ಬಾರದು, ಏನೆಂದು ಗೊತ್ತಿಲ್ಲ, ಹೇಗೆ ಹೇಳಲಿ ಎಂದು ಮನೆಯ ಬಸ್ಸಿನುದ್ದಕ್ಕೂ ಮರುಗಿದ.

ಆ ತಿಂಗಳು ಸಂಪತ್‌ನ ತಾಯಿ ಸತ್ಯವತಿ ಮೈಸೂರಿನಿಂದ ಬಂದು ಅವರ ಜೊತೆಯಲ್ಲಿದ್ದರು. ಇಪ್ಪತ್ತೊಂಬತ್ತು ವರ್ಷ ಭಜನಾ ಮಂಡಳಿ ನಡೆಸಿದ ಹೆಂಗಸು. ಮನೆಯಲ್ಲಿ ಯಾರೂ ಏನೂ ಹೇಳದಿದ್ದರೂ ಅವರಿಗೆ ಮೂರೇ ದಿನಕ್ಕೆ ಎಲ್ಲ ತಿಳಿದಿತ್ತು. ಶುಕ್ರವಾರ ಸಂಜೆ ಹುರುಳೀಕಾಯಿ ಬಿಡಿಸುತ್ತ ಮಗನನ್ನು ಕೂರಿಸಿಕೊಂಡರು.

“ನಿಂದು ರಿಡಿಮ್ಮೋ ಗಿಡಿಮ್ಮೋ, ನಮ್ಮಲ್ಲಿ ಅದಕ್ಕೆ ಧಾಟಿ ಅಂತಾರೆ ಕಣೋ.” ತಮ್ಮ ಹಳೇ ಹಾಡಿನ ಪುಸ್ತಕ ತೆಗೆದರು. ಪ್ರತಿ ಹಾಡಿನ ತಲೆಯ ಮೇಲೆ, ಇದು ಯಾವ ಹಾಡಿನ ಧಾಟಿ ಎಂದು ಸಣ್ಣಕ್ಷರದಲ್ಲಿ ಬರೆದಿತ್ತು. ಒಂದೇ ಧಾಟಿಗೆ ಮೂವತ್ತು ನಲವತ್ತು ಹಾಡು. “ಧಾಟಿ ಊರಿಗೆಲ್ಲ. ಹಾಡು ಅವರವರದು.”

“ಅದೇ ಅಮ್ಮ ತೊಂದ್ರೆ ಆಗಿರೋದು.”

“ಕೇಳು. ಒಂದ್ಸಲ ನಮ್ಮ ಮಂಡಳೀಲೇ ಒಬ್ಳು, ಎದುರುಮನೆ ಸೊಸೇನ ಆಡ್ಕೊಂಡು ಒಂದು ಹಾಡು ಕಟ್ಟಿದ್ಳು. ಮಕ್ಕಳಾಗಿಲ್ಲ ಅಂತ. ಅದೂ ಆರತಿ ಹಾಡಿನ ಧಾಟೀಲಿ! ಊರೆಲ್ಲ ಗುನುಗ್ತಿತ್ತು. ಕೆಲವ್ರು ಆ ಧಾಟಿ ಇನ್ನು ಹಾಡೋದೇ ಬೇಡ ಅಂದ್ರು. ನಾನು ಅಂದೆ, ಅವಳು ಉಗುಳಿದ್ದಕ್ಕೆ ನಾವು ಬಾವಿ ಮುಚ್ಚೋದಾ? ಮುಂದಿನ ಶುಕ್ರವಾರ ಅದೇ ಧಾಟೀಲಿ ಬೇರೆ ಹಾಡು ಕಟ್ಟಿ ಹಾಡಿದ್ವಿ.”

“ಎಲ್ಲಿ?”

“ಆ ಸೊಸೆ ಮನೇಲೇ. ಅವಳನ್ನ ಎದುರಿಗೆ ಕೂರಿಸ್ಕೊಂಡು. ಅದೇ ಮುಖ್ಯ ಕಣೋ. ಯಾರಿಗೆ ಅಂದಿದ್ರೋ ಅವರ ಕಿವಿಗೆ ಮೊದಲು ಬೀಳ್ಬೇಕು. ಊರಿನ ಕಿವಿ ಆಮೇಲೆ.” ಕಾಯಿಯ ನಾರು ಎಳೆದು ಪಕ್ಕಕ್ಕಿಟ್ಟರು. “ಹಾಡು ಕಟ್ಟಿದವಳೂ ಬಂದಿದ್ಳು. ಸೊಲ್ಲು ಹಿಡಿಯೋಕೆ ಹೇಳ್ದೆ. ಹಿಡಿದ್ಳು. ನಾಚ್ಕೊಂಡು.”

ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಸಿಂಚನಾ ಅಲ್ಲಿ ಯಾವಾಗಿಂದ ನಿಂತಿದ್ದಳೋ.

“ಆ ಅಂಕಲ್‌ಗೆ ಹೇಳಿದ್ಯಾ?” ಎಂದು ಕೇಳಿದಳು. “ಲಾಕ್ ತಿರುಗ್ಸಿದ ಅಂಕಲ್‌ಗೆ. ಆ ಸಾಂಗ್ ಏನು ಹೇಳುತ್ತೆ ಅಂತ.”

“ಇಲ್ಲ ಪುಟ್ಟಾ.”

“ವೈ?”

ಹದಿಮೂರು ವರ್ಷದವಳ ಮುಂದೆ ಹೆದರಿಕೆಗೆ ಬೇರೆ ಹೆಸರು ಸಿಗುವುದಿಲ್ಲ.

“ವಾಯ್ಸ್ ನಂದು,” ಅಂದಳು ಅವಳು. “ಎಲ್ರೂ ನನ್ನನ್ನ ಬಿಟ್ಟು ಡಿಸ್ಕಸ್ ಮಾಡ್ತಿದ್ದೀರ. ನಾನು ಹಾಡ್ತೀನಿ. ನನ್ನ ಹೆಸ್ರು ಹೇಳಿ ಹಾಡ್ತೀನಿ.”

ಅಡುಗೆಮನೆಯಿಂದ ಶೋಭಾ ಹೊರಬಂದಳು. ಕೈಯಲ್ಲಿ ಸೌಟು. ಮಗಳನ್ನು ನೋಡಿದಳು, ಗಂಡನನ್ನು ನೋಡಿದಳು, ಮೇಜಿನ ಮೇಲಿದ್ದ ಕಾಗದದ ಕಟ್ಟನ್ನು ನೋಡಿದಳು.

“ಅವಳ ಹೆಸ್ರು ಬಂದ್ರೆ ನಿಮ್ಮ ಹೆಸ್ರೂ ಬರುತ್ತೆ.”

“ಬರುತ್ತೆ.”

“ಪಾಸ್ ಇನ್ನೂ ಬಂದಿಲ್ಲ.”

“ಬಂದಿಲ್ಲ.”

ಒಲೆಯ ಮೇಲೆ ಸಾರು ಉಕ್ಕಿತು, ಶೋಭಾ ಹೋಗಿ ಉರಿ ತಗ್ಗಿಸಿ ಬಂದಳು. “ಮಾಡಿ. ಆದ್ರೆ ನಾನು ಧೈರ್ಯವಂತೆ ಅಂತ ಮಾತ್ರ ಹೇಳ್ಬೇಡಿ. ನಂಗೆ ಕೈಕಾಲು ನಡುಗ್ತಿದೆ. ಅದು ಗೊತ್ತಿರ್ಲಿ ನಿಮ್ಮಿಬ್ರಿಗೂ.”

ಭಾನುವಾರ ನಾಲ್ಕು ಗಂಟೆಗೆ ಯಿಶುನ್‌ನ ಅವರ ಬ್ಲಾಕಿನ ಕೆಳಗೆ, ವಾಯ್ಡ್ ಡೆಕ್ ಎಂಬ ತೆರೆದ ನೆಲಮಹಡಿಯ ಕಲ್ಲುಬೆಂಚಿನ ಬಳಿ ಆರು ಜನ ಸೇರಿದರು. ಹೈಕಲ್ ಒಂದು ಮೈಕು, ಒಂದು ಚಿಕ್ಕ ಸ್ಪೀಕರು ತಂದಿದ್ದ. ಸೆಲ್ವಂ ವಾರದ ರಜೆಯ ದಿನವೆಂದು ಇಸ್ತ್ರಿ ಮಾಡಿದ ನೀಲಿ ಶರಟು ಹಾಕಿಕೊಂಡು, ಕೈಯಲ್ಲಿ ಕಿತ್ತಳೆಹಣ್ಣಿನ ಚೀಲ ಹಿಡಿದು ಬಂದಿದ್ದ. ಸತ್ಯವತಿ ಅವನನ್ನು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡು ಊರು ಯಾವುದು, ಮಕ್ಕಳೆಷ್ಟು ಎಂದು ವಿಚಾರಿಸಿಯಾಗಿತ್ತು.

ಸಂಪತ್ ಎರಡು ದಿನದಿಂದ ಮಾತು ಜೋಡಿಸಿಕೊಂಡಿದ್ದ. ಜೋಡಿಸಿದ್ದೆಲ್ಲ ಆ ಕ್ಷಣದಲ್ಲಿ ಉರುಳಿಹೋಯಿತು. “ಸೆಲ್ವಂ, ಆ ವಿಡಿಯೊ ಹಾಡು ಇದೆಯಲ್ಲ... ಅದರಲ್ಲಿ ನಿಮ್ಮನ್ನ... ಲಾರೀಲಿ ಬರೋರನ್ನ... ಕೆಟ್ಟದಾಗಿ ಅಂದಿದ್ದಾರೆ. ನಿಮಗೆ ಹೇಳ್ಬೇಕಿತ್ತು. ನಾನು ಹೇಳ್ಲಿಲ್ಲ.”

ಸೆಲ್ವಂ ಕಿತ್ತಳೆಯ ಚೀಲವನ್ನು ತೊಡೆಯ ಮೇಲೆ ಸರಿಮಾಡಿಕೊಂಡ.

“ಗೊತ್ತು ಸಾರ್.”

“ಗೊತ್ತಾ?”

“ಮೂಗು ಹಿಡಿಯೋದಕ್ಕೆ ಇಂಗ್ಲಿಷ್ ಬೇಕಾ ಸಾರ್?” ಅವನು ನಗಲು ನೋಡಿದ. “ದಿನಾ ನೋಡ್ತೀವಿ. ಸಿಗ್ನಲ್ಲಲ್ಲಿ ಕಾರು ಪಕ್ಕಕ್ಕೆ ಬಂದ್ರೆ ಗ್ಲಾಸು ಮೇಲಕ್ಕೆ ಹೋಗುತ್ತೆ. ಇದು ಡ್ಯಾನ್ಸು, ಅಷ್ಟೇ. ನಮ್ಮ ರೂಮಲ್ಲಿ ಎಲ್ಲರಿಗೂ ಗೊತ್ತು. ಆದ್ರೆ ಲಾಕು ನಂದಲ್ವಾ. ಅದಕ್ಕೆ ಕೇಳ್ತಿದ್ದೆ. ಸುತ್ತ ಏನು ಕಸ ಇದ್ರೂ, ಆ ಟಕ್ ನಂದು.”

ಪಾಪ ಅವನಿಗೇನೂ ಗೊತ್ತಿಲ್ಲ ಎಂದು ಮೂರು ದಿನ ಮರುಗಿದ್ದು ಎಷ್ಟು ದೊಡ್ಡ ಸೊಕ್ಕು ಎಂಬುದು ಸಂಪತ್‌ಗೆ ಆ ಬೆಂಚಿನ ಮುಂದೆ ನಿಂತಾಗ ತಿಳಿಯಿತು. ಅಮನ್‌ನೂ ಅದೇ ಮಾತು ಹೇಳಿದ್ದ: ಅವರು ಇದೆಲ್ಲ ಕೇಳ್ತಾರಾ? ಇಬ್ಬರ ನಡುವೆ ಇದ್ದ ಅಂತರ ಅಷ್ಟೇನೂ ದೊಡ್ಡದಾಗಿರಲಿಲ್ಲ.

ಸಿಂಚನಾ ಮೈಕು ಹಿಡಿದಳು. ಇನ್ನೊಂದು ಕೈಯಿಂದ ಮಣಿಕಟ್ಟನ್ನು ಹಿಡಿದುಕೊಂಡಳು. ಸೆಲ್ವಂನ ಕಡೆಗೆ ಮುಖಮಾಡಿ ನಿಂತಳು. ಹಾಗೇ, ತಿರುಗಿ ನೋಡದೆ ಹೇಳಿದಳು:

“ಅಪ್ಪಾ, ಹಾಕು.”

ಸಂಪತ್ ಹಾಕಿದ. ಮೊದಲು ಆರು ವರ್ಷದವಳ ದನಿ, ಆಮೇಲೆ ಲಾಕಿನ ಹೊಡೆತ, ಅದರ ಮೇಲೆ ಹದಿಮೂರು ವರ್ಷದವಳದ್ದು:

“ದನಿ ನಂದು, ಆಗ ಆರು ವರ್ಷ ನಂಗೆ,
ಕೇಳಿದ್ದು ತಾಳ ಕಣೋ, ನಗು ಅಲ್ಲ ನಿಂಗೆ.
ಟಕ್ ಅನ್ನೋ ಲಾಕು ಸೆಲ್ವಂ ಅಂಕಲ್ ಕೈದು,
ಮೂಗು ಬಿಟ್ಟು ಕೇಳು, ಉಸಿರು ಎಲ್ಲಾರ್ದು.”

ನಾಲ್ಕೇ ಸಾಲು. ಮಿಕ್ಕದ್ದು ಇಂಗ್ಲಿಷಿನಲ್ಲಿ, ಅವಳ ಶಾಲೆಯ ಭಾಷೆಯಲ್ಲಿ, ಹೆಸರು ಸಮೇತ, ಬ್ಲಾಕ್ ನಂಬರು ಒಂದು ಬಿಟ್ಟು. ಎರಡು ಕಡೆ ತಾಳ ತಪ್ಪಿತು. ಸತ್ಯವತಿ ತೊಡೆ ತಟ್ಟಿ ಎತ್ತಿಕೊಟ್ಟರು. ಕೊನೆಗೆ ಸೊಲ್ಲು ಬಂದಾಗ ಸೆಲ್ವಂ ಬೆಂಚಿನ ಮೇಲೆ ಬೆರಳಿನಿಂದ ಟಕ್ ಟಕ್ ಹೊಡೆಯುತ್ತಿದ್ದ. ತಲೆ ಮಾತ್ರ ಎತ್ತಿರಲಿಲ್ಲ. ಮುಗಿದ ಮೇಲೆ ಕಿತ್ತಳೆ ಸುಲಿದು ಮೊದಲ ತೊಳೆಯನ್ನು ಅವಳಿಗೆ ಕೊಟ್ಟ. “ಎರಡನೇ ಸಲ ಇನ್ನೂ ಚೆನ್ನಾಗಿ ಬರುತ್ತೆ, ಪಾಪಾ,” ಎಂದ.

ಎರಡನೆಯ ಸಲವೂ ಹಾಡಿದಳು. ಎರಡನ್ನೂ ರೆಕಾರ್ಡ್ ಮಾಡಿದ್ದ ಹೈಕಲ್ ಅದನ್ನೇ ಜಾಲತಾಣಕ್ಕೆ ಹಾಕಿದ. ರಿಡಿಮ್ ಕಟ್ಟಿದವರು ಎಂಬಲ್ಲಿ ಬೇ ಸೆವೆನ್ ಅಳಿಸಿ ಸಂಪತ್ ತನ್ನ ಪೂರ್ತಿ ಹೆಸರು ಬರೆದ. ಅದರ ಕೆಳಗೆ ಇನ್ನೊಂದು ಸಾಲು: ಲಾಕು, ಸೆಲ್ವಂ.

ಇದು ನಡೆದು ಐದು ವಾರ. ಪಾಸಿನ ಉತ್ತರ ಇನ್ನೂ ಬಂದಿಲ್ಲ. ಶೋಭಾ ದಿನಕ್ಕೆ ನಾಲ್ಕು ಸಲ ಮೇಲ್ ತೆರೆಯುತ್ತಾಳೆ; ಬಾಗಿಲ ಗಂಟೆ ಬಾರಿಸಿದರೆ ಮನೆಯವರೆಲ್ಲ ಒಮ್ಮೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಶಾಲೆಯಲ್ಲಿ ಮೂಗು ಹಿಡಿಯುವವರು ಕಡಿಮೆಯಾಗಿದ್ದಾರೆ, ನಿಂತಿಲ್ಲ. ಅಮನ್‌ನ ಹಾಡಿಗೆ ಈಗ ಐದೂವರೆ ಲಕ್ಷ. ಸಿಂಚನಾಳದ್ದಕ್ಕೆ ಮುನ್ನೂರ ಹನ್ನೆರಡು, ಅದರಲ್ಲಿ ಒಂದು ಸ್ಪ್ಯಾನಿಷ್ ಟೌನಿನ ದರ್ಜಿಯದು. ನಮ್ಮ ಸಂಘದ ವಾಟ್ಸಾಪ್ ಗುಂಪಿನಲ್ಲಿ ಸಂಪತ್ ಅದರ ಲಿಂಕು ಹಾಕಿದಾಗ ಇನ್ನೂರ ಎಂಬತ್ತು ಜನರಲ್ಲಿ ಒಬ್ಬರೂ ಒಂದು ಮಾತು ಆಡಲಿಲ್ಲ. ಹತ್ತು ನಿಮಿಷದಲ್ಲಿ ಯಾರೋ ಬಿಸಿಬೇಳೆಬಾತಿನ ಫೋಟೊ ಹಾಕಿದರು, ಅದಕ್ಕೆ ನಲವತ್ತು ಕೈಮುಗಿಯುವ ಚಿತ್ರಗಳು ಬಂದವು.

ಒಂದು ಮಗು ಅಪ್ಪನ ಪಾಸನ್ನೇ ಪಣಕ್ಕಿಟ್ಟು ತನ್ನ ದನಿಯನ್ನು ವಾಪಸು ಕೇಳಿದೆ. ನಿಮ್ಮನ್ನು ಕೇಳುವುದು ಅಷ್ಟು ದೊಡ್ಡದಲ್ಲ. ಆ ದಿನ ನೀವು ಎದ್ದು ನಿಂತು ತೆಗೆದ ವಿಡಿಯೊ ಇನ್ನೂ ನಿಮ್ಮ ಫೋನಿನಲ್ಲಿದೆ. ನಿಮ್ಮ ಮಗು ಅದರಲ್ಲಿ ಮೂಗು ಹಿಡಿದು ನಗುತ್ತಿದೆ. ಆ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಹಾಡಿನ ಪ್ರತಿ ಪದದ ಅರ್ಥ ನಿಮ್ಮ ಬಾಯಿಂದಲೇ ಹೇಳಿ, ಆಮೇಲೆ ಅದರ ಕಣ್ಣೆದುರಿಗೇ ಅಳಿಸಿ. ನಾಳೆ ಅಲ್ಲ. ಈ ಪುಟ ಮಡಿಸುವ ಮೊದಲು.